ನೋವಿಲ್ಲದ ತಿಂಗಳಿಗೆ ಎಷ್ಟು ಕೊಡುತ್ತೀರಿ?

ಬೆಳಗಿನ ಎಂಟೂವರೆ. ಓಪಿಡಿ ಚೀಟಿ ಕೊಡುವ ಕಿಟಕಿಯಿಂದ ಹೊರಟ ಸಾಲು ಮೆಟ್ಟಿಲಿಳಿದು ಅಂಗಳದ ಹೊಂಗೆಮರದ ತನಕ ಬಂದಿದೆ. ಸಾಲಿನಲ್ಲಿ ನಿಂತವರು ಕಡಿಮೆ. ಕೈಚೀಲ, ಚಪ್ಪಲಿ, ಎಕ್ಸ್‌ರೇ ಕವರುಗಳನ್ನು ತಮ್ಮ ತಮ್ಮ ಜಾಗದಲ್ಲಿಟ್ಟು ಜನ ಗೋಡೆಗೆ ಒರಗಿ ಕೂತಿದ್ದಾರೆ. ಇವತ್ತು ಕೀಲುವಾತದವರ ದಿನ. ಸಾಲು ಮುಂದೆ ಸರಿದಾಗ ಎದ್ದು ನಿಲ್ಲಲು ಪ್ರತಿಯೊಬ್ಬರೂ ಪಕ್ಕದವರ ಭುಜ ಹಿಡಿಯುತ್ತಾರೆ.

ಹಳೇ ಮೈಸೂರು ಸೀಮೆಯ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಎಂದಿಟ್ಟುಕೊಳ್ಳಿ. ಊರಿನ ಹೆಸರು ಬೇಡ, ಬರುವವರ ಹೆಸರೂ ಬೇಡ. ಇಂಥ ಬಾಗಿಲುಗಳ ಮುಂದೆ ದಿನವೂ ಕೂರುವವರ ಹಲವು ಮುಖಗಳನ್ನು ಸೇರಿಸಿ ಈ ಬೆಳಗನ್ನು ಕಟ್ಟಿದ್ದೇನೆ. ನಡುವೆ ಬರುವ ಹಿಂದಿನ ಅಧ್ಯಯನಗಳೂ ಔಷಧ ಮತ್ತು ಕೃತಕ ಮಂಡಿಯ ಬೆಲೆಗಳೂ ದಾಖಲೆಯಲ್ಲಿ ಇರುವಂಥವು.

ಉದ್ದನೆಯ ಓಣಿಯ ಕೊನೆಗಿರುವ ಸಣ್ಣ ಕೋಣೆಗೆ ಬನ್ನಿ. ಒಂದು ಮೇಜು, ಮೂರು ಕುರ್ಚಿ, ಗೋಡೆಯುದ್ದಕ್ಕೆ ಒಂದು ಬೆಂಚು. ಸಮುದಾಯ ವೈದ್ಯಕೀಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ನಮೂನೆಗಳನ್ನು ಜೋಡಿಸುತ್ತಿದ್ದಾಳೆ. ಆಕೆಯ ಪಕ್ಕದ ಕುರ್ಚಿ ನಿಮ್ಮದು. ಮೇಜಿನ ಮೇಲೆ ಶಾಯಿ ಪ್ಯಾಡು, ರೂಪಾಯಿಯ ಮೊತ್ತಗಳನ್ನು ಬರೆದ ರಟ್ಟಿನ ಚೀಟಿಗಳು, ನೂರು ಚುಕ್ಕೆಗಳನ್ನು ಮುದ್ರಿಸಿದ ಒಂದು ಹಾಳೆ. ಆಕೆ ಅಳೆಯಲು ಹೊರಟಿರುವುದು ಇಷ್ಟು: ಕೀಲುವಾತ ವಾಸಿಯಾಗುವುದಾದರೆ ಈ ಓಣಿಯಲ್ಲಿ ಕೂತವರು ತಮ್ಮ ಕೈಯಿಂದ ಎಷ್ಟು ದುಡ್ಡು ಕೊಟ್ಟಾರು?

ಮೊದಲಿಗೆ ಬಂದವರು ರೇಷ್ಮೆ ಫಿಲೇಚರಿನಲ್ಲಿ ನೂಲು ಬಿಚ್ಚುವ ಹೆಂಗಸು. ನಲವತ್ತೆರಡು ವಯಸ್ಸು. ಐದೂವರೆಯ ಬಸ್ಸಿಗೆ ಬಂದಿದ್ದಾರೆ. ಅದಕ್ಕಾಗಿ ಮೂರೂವರೆಗೆ ಎದ್ದಿದ್ದಾರೆ, ಏಕೆಂದರೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತರೂ ಬೆರಳು ಬಿಡಿಸಿಕೊಳ್ಳಲು ಒಂದು ಗಂಟೆಗೂ ಹೆಚ್ಚು ಬೇಕು. ರುಮಟಾಯ್ಡ್ ಸಂಧಿವಾತದ ಗುರುತೇ ಅದು: ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ, ರಾತ್ರಿಯೆಲ್ಲ ಅಲುಗದೆ ಇದ್ದ ಕೀಲು ಬೆಳಗ್ಗೆ ಬಾತು ಬಿಗಿದಿರುತ್ತದೆ.

ಒಪ್ಪಿಗೆ ಪತ್ರ ಮುಂದಿಟ್ಟಾಗ ಅವರು ಎಡಗೈ ಹೆಬ್ಬೆರಳು ಚಾಚುತ್ತಾರೆ. ಪತ್ರವನ್ನು ತಾವೇ ಓದಿಕೊಂಡಿದ್ದಾರೆ, ಎಸ್ಸೆಸ್ಸೆಲ್ಸಿ ಪಾಸಾದವರು. ಪೆನ್ನು ಹಿಡಿಯಲು ಬೆರಳು ಮಡಚುವುದಿಲ್ಲ.

ದುಡ್ಡಿನ ಮಾತು ತಕ್ಷಣ ಬರುವುದಿಲ್ಲ. ಮೊದಲು ಹನ್ನೆರಡು ಪ್ರಶ್ನೆಗಳು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯನ್ನು ಭಾರತದ ವೈದ್ಯರು ನಮ್ಮ ಬದುಕಿಗೆ ಹೊಂದುವಂತೆ ಬದಲಿಸಿಕೊಂಡ ರೂಪ ಇದು. ಸೀರೆ ಉಟ್ಟುಕೊಳ್ಳಲು ಆಗುತ್ತದಾ? ತುಂಬಿದ ಲೋಟ ಬಾಯಿತನಕ ಎತ್ತಲು? ನಲ್ಲಿ ತಿರುಗಿಸಲು? ಆಟೋ ಹತ್ತಿ ಇಳಿಯಲು? ಕುಕ್ಕರಗಾಲಲ್ಲಿ ಕೂರಲು? ಮೂರು ಕಿಲೋಮೀಟರು ನಡೆಯಲು? ತೊಂದರೆಯಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ ಎಂಬ ನಾಲ್ಕರಲ್ಲಿ ಒಂದಕ್ಕೆ ಗುರುತು.

“ಮುದ್ದೆ ಕಟ್ಟೋದು ಕೇಳ್ಲಿಲ್ವಲ್ಲ ಮೇಡಂ,” ಎನ್ನುತ್ತಾರೆ ಅವರು ಹನ್ನೆರಡೂ ಮುಗಿದ ಮೇಲೆ. “ಎರಡು ವರ್ಷ ಆಯ್ತು ನಾನು ಮುದ್ದೆ ಕಟ್ಟಿ. ಕೋಲು ತಿರುಗ್ಸಕ್ಕೆ ಮಗನ್ನ ಕರೀತೀನಿ.”

ವಿದ್ಯಾರ್ಥಿನಿ ಅದನ್ನು ಅಂಚಿನಲ್ಲಿ ಬರೆದುಕೊಳ್ಳುತ್ತಾಳೆ. ಈಗ ಬೆಲೆಯ ಪ್ರಶ್ನೆಗೆ ನೆಲ ಹದವಾಗಿದೆ: ಏನು ಕಳೆದುಕೊಂಡಿದ್ದೇನೆ ಎಂಬುದು ಅವರ ಕಣ್ಣ ಮುಂದೆ ನಿಂತಿದೆ.

“ಅಕ್ಕ, ಈಗ ಒಂದು ಔಷಧಿ ಇದೆ ಅಂದ್ಕೊಳ್ಳಿ. ನಿಜವಾಗಿ ಇಲ್ಲ, ಅಂದ್ಕೊಳ್ಳೋದಷ್ಟೆ. ದಿನಾ ಒಂದು ಮಾತ್ರೆ. ನೋವು, ಬಾವು, ಬೆಳಗಿನ ಹಿಡಿತ ಯಾವುದೂ ಇರಲ್ಲ. ಹೊಟ್ಟೆ ಉರಿಯಲ್ಲ, ಬೇರೆ ತೊಂದರೆನೂ ಇಲ್ಲ. ಆದರೆ ಆಸ್ಪತ್ರೇಲಿ ಕೊಡಲ್ಲ, ಕಾರ್ಡಿಗೂ ಸಿಗಲ್ಲ. ಪ್ರತಿ ತಿಂಗಳು ನೀವೇ ಕೈಯಿಂದ ಕೊಡಬೇಕು. ತಿಂಗಳಿಗೆ ಐನೂರು ಅಂದ್ರೆ ತಗೋತೀರಾ?”

“ತಗೋತೀನಿ.”

“ಸಾವಿರ?”

ಅವರು ಕಿಟಕಿಯಾಚೆ ನೋಡುತ್ತಾರೆ. ತುಟಿ ಅಲುಗುತ್ತಿದೆ. ಬಾಡಿಗೆ, ಗ್ಯಾಸು, ಮಗನ ಟ್ಯೂಷನ್ನು, ಸ್ತ್ರೀಶಕ್ತಿ ಸಂಘದ ಕಂತು. ನೀವು ಉಸಿರು ಬಿಗಿ ಹಿಡಿದು ಕೂತಿದ್ದೀರಿ. ವಿದ್ಯಾರ್ಥಿನಿಯೂ ಅವಸರ ಮಾಡುವುದಿಲ್ಲ. “ಸಾವಿರ ಆದ್ರೆ ಸಂಘದ ಕಂತು ತಪ್ತದೆ. ಒಂಬೈನೂರಕ್ಕೆ ಆದ್ರೆ ಹೆಂಗೋ ಹೊಂದುಸ್ಕೊಬೋದು.”

“ಒಂಬೈನೂರೈವತ್ತು?”

“ಇಲ್ಲ ಕಣವ್ವ. ಒಂಬೈನೂರೆ.”

ಹಾಳೆಯ ಮೇಲೆ 900 ಬಿತ್ತು. ಹರಾಜಿನಂತೆ ಮೇಲೆ ಕೆಳಗೆ ಏರಿಳಿಸಿ, ಮನಸ್ಸು ನಿಲ್ಲುವ ಮೊತ್ತವನ್ನು ಹುಡುಕುವ ಈ ಕ್ರಮ ಹಳೆಯದು. ಅದರಲ್ಲಿ ಒಂದು ಅಪಾಯವೂ ಇದೆ: ಐನೂರರಿಂದ ಶುರು ಮಾಡಿದರೆ ಉತ್ತರ ಐನೂರರ ಸುತ್ತಲೇ ಸುಳಿಯುತ್ತದೆ, ಎರಡು ಸಾವಿರದಿಂದ ಶುರು ಮಾಡಿದರೆ ಅದೇ ಮನುಷ್ಯ ಹೆಚ್ಚು ಹೇಳುತ್ತಾನೆ. ಆದ್ದರಿಂದ ವಿದ್ಯಾರ್ಥಿನಿಯ ಬಳಿ ಮೂರು ಬಗೆಯ ನಮೂನೆಗಳಿವೆ. ಯಾರಿಗೆ ಯಾವ ಮೊತ್ತದಿಂದ ಶುರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾಳೆ. ಕೊನೆಗೆ ಮೂರು ಗುಂಪುಗಳನ್ನೂ ಹೋಲಿಸಿ ನೋಡಿದರೆ ಶುರುವಿನ ಮೊತ್ತ ಎಷ್ಟು ಎಳೆದಿದೆ ಎಂದು ಗೊತ್ತಾಗುತ್ತದೆ.

ಮಾರುಕಟ್ಟೆಯಲ್ಲಿ ಸಿಗದ ವಸ್ತುವಿಗೆ ಜನರನ್ನೇ ಬೆಲೆ ಕೇಳುವ ಈ ಪದ್ಧತಿ ಮೊದಲು ಬೆಳೆದದ್ದು ಆಸ್ಪತ್ರೆಯಿಂದ ದೂರ, ಕಾಡು ನದಿ ಕರಾವಳಿಗಳ ಲೆಕ್ಕದಲ್ಲಿ. 1963ರಲ್ಲಿ ಹಾರ್ವರ್ಡ್‌ನ ರಾಬರ್ಟ್ ಡೇವಿಸ್ ತಮ್ಮ ಸಂಶೋಧನೆಗಾಗಿ ಮೇನ್ ರಾಜ್ಯದ ಕಾಡಿಗೆ ಬರುವವರನ್ನು ಹೀಗೆ ಕೇಳಿದರು. ಹೃದಯಾಘಾತದಿಂದ ಜೀವ ಉಳಿಸುವ ಸೇವೆಗೆ ಎಷ್ಟು ಕೊಡುತ್ತೀರಿ ಎಂದು 1973ರ ವರದಿಯಲ್ಲಿ ಜಾನ್ ಆಕ್ಟನ್ ಕೇಳಿದ ಮೇಲೆ ಅದು ಆರೋಗ್ಯದ ಹೊಸ್ತಿಲು ದಾಟಿತು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕದ ಕಡಲಿಗೆ ಎಣ್ಣೆ ಸುರಿದಾಗ ನಷ್ಟದ ಬೆಲೆ ಕಟ್ಟುವ ಜಗಳ ದೊಡ್ಡದಾಯಿತು. ನೊಬೆಲ್ ಪಡೆದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ಮುಂದಾಳಾಗಿದ್ದ ಸಮಿತಿ 1993ರಲ್ಲಿ ನಿಯಮಗಳನ್ನು ಬರೆಯಿತು. ಒಂದೇ ಮೊತ್ತ ಹೇಳಿ ಹೌದು ಅಥವಾ ಇಲ್ಲ ಎನ್ನಿಸಿಕೊಳ್ಳುವುದು ಮೇಲು. ಈ ದುಡ್ಡು ಕೊಟ್ಟರೆ ಬೇರೆ ಖರ್ಚಿಗೆ ಅಷ್ಟು ಕಡಿಮೆಯಾಗುತ್ತದೆ ಎಂದು ನೆನಪಿಸಬೇಕು. ಉತ್ತರ ಬಂದ ಮೇಲೆ ಯಾಕೆ ಹಾಗೆಂದಿರಿ ಎಂದೂ ಕೇಳಬೇಕು. ಫಿಲೇಚರಿನ ಅಕ್ಕನಿಗೆ ನೆನಪಿಸುವ ಕೆಲಸವೇ ಬೀಳಲಿಲ್ಲ. ತಿಂಗಳ ಪ್ರತಿ ರೂಪಾಯಿಗೂ ಅವರ ತಲೆಯಲ್ಲಿ ಮೊದಲೇ ಜಾಗ ಗೊತ್ತುಮಾಡಿತ್ತು.

ಅವರು ಏಳುವ ಮೊದಲು ಆದಾಯದ ಪ್ರಶ್ನೆ. ದುಡಿಮೆಯಿಂದ ತಿಂಗಳಿಗೆ 7,000, ಗೃಹಲಕ್ಷ್ಮಿಯ 2,000. ಗಂಡ ತೀರಿಕೊಂಡಿದ್ದಾರೆ. ಒಟ್ಟು 9,000ದಲ್ಲಿ 900, ಎಂದರೆ ಹತ್ತರಲ್ಲಿ ಒಂದು ಪಾಲು. “ಕೈ ಸರಿಯಿದ್ದಾಗ ಎಷ್ಟು ಬರ್ತಿತ್ತು ಅಕ್ಕ?” ಎಂಬ ಪ್ರಶ್ನೆ ನಮೂನೆಯಲ್ಲಿಲ್ಲ, ವಿದ್ಯಾರ್ಥಿನಿ ತಾನಾಗಿ ಕೇಳುತ್ತಾಳೆ. “ಹದ್ಮೂರು ಸಾವಿರ ಎಣಿಸ್ತಿದ್ದೆ.”

ಇಲ್ಲಿ ಸ್ವಲ್ಪ ನಿಲ್ಲಿ. ರೋಗ ಅವರ ದುಡಿಮೆಯನ್ನು ಅರ್ಧದ ಹತ್ತಿರಕ್ಕೆ ಇಳಿಸಿದೆ. ಇಳಿದ ಆ ದುಡಿಮೆಯಿಂದಲೇ ರೋಗ ವಾಸಿಯಾಗುವುದಕ್ಕೆ ಬೆಲೆ ಕಟ್ಟಿ ಎಂದು ನಾವು ಕೇಳಿದ್ದೇವೆ. ಬೆರಳು ಹೆಚ್ಚು ಸೊಟ್ಟಗಾದಷ್ಟೂ ಅವರು ಹೇಳಬಲ್ಲ ಮೊತ್ತ ಸಣ್ಣದಾಗುತ್ತದೆ. ನೋವು ಬೆಳೆದಂತೆ ಹಾಳೆಯ ಮೇಲಿನ ಅಂಕಿ ಕುಗ್ಗುವುದಾದರೆ, ಆ ಅಂಕಿಯನ್ನು ನೋವಿನ ಅಳತೆ ಎಂದು ಓದುವುದು ಅನ್ಯಾಯ.

ಎರಡನೆಯವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಅವರದು ಸವಕಲು ಸಂಧಿವಾತ. ಮಂಡಿಯ ಮೃದ್ವಸ್ಥಿ ತೇದುಹೋಗಿ ಎಲುಬಿಗೆ ಎಲುಬು ಹತ್ತಿರವಾಗಿದೆ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತಾವೇ ನಿಮಗೆ ತೋರಿಸುತ್ತಾರೆ. ಪಿಂಚಣಿ 40,000. ಕಲ್ಪನೆಯ ಔಷಧಿಗೆ ತಿಂಗಳಿಗೆ 2,000 ಕೊಡಲು ಸಿದ್ಧ. “ಅದಕ್ಕಿಂತ ಹೆಚ್ಚು ಬೇಡ, ಊರಿನ ಮನೆ ರಿಪೇರಿ ಇದೆ.” ಇಪ್ಪತ್ತರಲ್ಲಿ ಒಂದು ಪಾಲು.

ಎರಡೂ ಹಾಳೆ ಪಕ್ಕಪಕ್ಕ ಇವೆ. ರೂಪಾಯಿಯಲ್ಲಿ ಎಣಿಸಿದರೆ ಮೇಷ್ಟ್ರ ಮಂಡಿಯ ಬೆಲೆ ಅಕ್ಕನ ಎರಡು ಕೈಗಳ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚು. ಆದಾಯದ ಪಾಲಿನಲ್ಲಿ ಎಣಿಸಿದರೆ ಅಕ್ಕ ಕೊಡುವುದು ಮೇಷ್ಟ್ರ ಎರಡರಷ್ಟು. ಯಾವುದನ್ನು ವರದಿಯಲ್ಲಿ ಮೇಲಿಡುತ್ತೀರಿ ಎಂಬುದರ ಮೇಲೆ ಓದುವವರ ತೀರ್ಮಾನ ನಿಲ್ಲುತ್ತದೆ.

ಮೇಷ್ಟ್ರು ಎದ್ದು ಹೋಗುವುದಿಲ್ಲ. “ಮಗೂ, ಈ ಲೆಕ್ಕ ಕೊನೆಗೆ ಯಾರ ಕೈಗೆ ಹೋಗುತ್ತೆ? ಸರ್ಕಾರಕ್ಕೋ ಕಂಪನಿಗೋ?” ಎಂದು ಕೇಳುತ್ತಾರೆ. “ನಮ್ಮಣ್ಣನಿಗೆ 2016ರಲ್ಲಿ ಬೆಂಗಳೂರಲ್ಲಿ ಮಂಡಿ ಬದಲಾಯಿಸಿದರು. ಕೇಳಿದಷ್ಟೂ ಕಟ್ಟಿದೆವು. ಕೊಡುವ ಶಕ್ತಿ ಇತ್ತು ಅಂತ ಅಲ್ಲ, ಅವನು ಬಚ್ಚಲಿಗೆ ತೆವಳಿಕೊಂಡು ಹೋಗುತ್ತಿದ್ದ.”

ಅವರ ಮಾತಿನ ಹಿಂದೆ ದಾಖಲಾದ ಕಥೆಯೊಂದಿದೆ. 2017ರ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಅದನ್ನು ಪ್ರಕಟಿಸಿದವರು ಆಗ ಕೇಂದ್ರದ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ, ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಸರಾಸರಿ ಮಾರಾಟ ಬೆಲೆ 1,58,324 ರೂಪಾಯಿ ಇದ್ದದ್ದು 54,720ಕ್ಕೆ ಇಳಿಯಿತು. ರೋಗಿಗಳಿಗೆ ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಉಳಿಯುತ್ತದೆ ಎಂಬುದು ಸರ್ಕಾರದ ಅಂದಾಜಾಗಿತ್ತು. ಮಂಡಿ ಅದೇ, ಲೋಹ ಅದೇ. ಆ ದಿನದ ತನಕ ಲಕ್ಷದ ಮೇಲೆ ಕೊಟ್ಟವರೆಲ್ಲ ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ ಕೊಡಲು ಸಿದ್ಧರಿದ್ದವರೇ. ನಡೆಯಲಾಗದ ಅಣ್ಣನನ್ನು ಮುಂದಿಟ್ಟುಕೊಂಡು ಮನೆಯವರು ಹೂಂ ಎಂದ ಮಾತ್ರಕ್ಕೆ ಆ ಬೆಲೆ ನ್ಯಾಯವಾಗುವುದಿಲ್ಲ.

ಹೀಗಾಗಿ ಮೇಷ್ಟ್ರ ಪ್ರಶ್ನೆಗೆ ವಿದ್ಯಾರ್ಥಿನಿ ಯೋಚಿಸಿ ಉತ್ತರ ಕೊಡುತ್ತಾಳೆ. ಸದ್ಯಕ್ಕೆ ಇದು ಅವಳ ಪ್ರಬಂಧಕ್ಕೆ. ಅದು ಅಚ್ಚಾದ ಮೇಲೆ ಯಾರು ಬೇಕಾದರೂ ಓದಬಹುದು. ಯಾವ ಚಿಕಿತ್ಸೆಗೆ ಸಾರ್ವಜನಿಕ ಹಣ ಹಾಕಬೇಕೆಂದು ತೂಗಿ ನೋಡಲು 2017ರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯಡಿ ಒಂದು ವ್ಯವಸ್ಥೆ ಶುರುವಾಗಿದೆ; ಅಂಥ ಕಡೆಯೂ ಓದಬಹುದು, ಬೆಲೆ ಏರಿಸಲು ನೋಡುವವರೂ ಓದಬಹುದು. “ಹಾಗಾದರೆ ನನ್ನ ಎರಡು ಸಾವಿರದ ಪಕ್ಕ ನನ್ನ ಪಿಂಚಣಿಯನ್ನೂ ಬರಿ,” ಎಂದು ಹೇಳಿ ಮೇಷ್ಟ್ರು ಕೋಲೂರಿ ಏಳುತ್ತಾರೆ.

ಹನ್ನೊಂದರ ಹೊತ್ತಿಗೆ ಬಂದವನು ಸರಕು ಆಟೋ ಓಡಿಸುವ ಮೂವತ್ತೆರಡರ ಯುವಕ. ಬೆನ್ನೆಲುಬಿನ ಸಂಧಿವಾತ, ಕತ್ತು ತಿರುಗಿಸದೆ ಇಡೀ ಮೈ ತಿರುಗಿಸಿ ನಿಮ್ಮನ್ನು ನೋಡುತ್ತಾನೆ. ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಬರುತ್ತದೆ.

“ಸೊನ್ನೆ ಬರ್ಕೊಳ್ಳಿ ಮೇಡಂ.”

“ಯಾಕಣ್ಣ? ಔಷಧಿ ಬೇಡ್ವಾ?”

“ಔಷಧಿ ಬೇಕು. ದುಡ್ಡು ಯಾಕೆ ಕೊಡ್ಲಿ? ಸೋಪು ತಗೊಂಡ್ರೂ ಜಿಎಸ್‌ಟಿ ಕಟ್ತೀನಿ, ಡೀಸೆಲ್‌ಗೂ ತೆರಿಗೆ ಕಟ್ತೀನಿ. ಇದು ಸರ್ಕಾರಿ ಆಸ್ಪತ್ರೆ. ಇಲ್ಲೂ ಕೈಯಿಂದ್ಲೇ ಕೊಡೋದಾದ್ರೆ ಪ್ರೈವೇಟಿಗೇ ಹೋಗ್ತಿದ್ದೆ.”

ಅವನ ಸಿಟ್ಟಿಗೆ ಕಾರಣವಿದೆ. ಮಾತ್ರೆಗೆ ಬಗ್ಗದ ಅವನ ಬೆನ್ನಿಗೆ ಎರಡು ವಾರಕ್ಕೊಮ್ಮೆ ಕೊಡುವ ಅಡಲಿಮುಮ್ಯಾಬ್ ಸೂಜಿಮದ್ದು ಒಗ್ಗಬಹುದು ಎಂದು ವೈದ್ಯರು ಹೇಳಿದ್ದಾರೆ. 2014ರ ಡಿಸೆಂಬರಿನಲ್ಲಿ ಜೈಡಸ್ ಕ್ಯಾಡಿಲಾ ಕಂಪನಿ ಆ ಔಷಧದ ತದ್ರೂಪವನ್ನು ಜಗತ್ತಿನಲ್ಲೇ ಮೊದಲಾಗಿ ನಮ್ಮ ದೇಶದಲ್ಲಿ ಮಾರುಕಟ್ಟೆಗೆ ತಂದಾಗ ಒಂದು ಸೀಸೆಯ ಬೆಲೆ ಹಲವು ಸಾವಿರ ರೂಪಾಯಿ. ಅಮೆರಿಕದ ಮೂಲ ಔಷಧದ ಬೆಲೆಗೆ ಹೋಲಿಸಿದರೆ ಅದು ಬಹಳ ಅಗ್ಗವೇ. ಆಮೇಲೆ ಬೇರೆ ಕಂಪನಿಗಳೂ ಬಂದು ಬೆಲೆ ಇನ್ನಷ್ಟು ಇಳಿಯಿತು. ಗಾಡಿಯ ಕಂತು ಕಟ್ಟಿದ ಮೇಲೆ ಉಳಿದದ್ದರಲ್ಲಿ ಸಂಸಾರ ನಡೆಸುವವನ ಕೈಗೆ ಮಾತ್ರ ಅದು ಇನ್ನೂ ಎಟುಕಿಲ್ಲ.

ಅವನ ಸೊನ್ನೆಯನ್ನು ಸಂಶೋಧಕರು ಪ್ರತಿಭಟನೆಯ ಸೊನ್ನೆ ಎನ್ನುತ್ತಾರೆ. ಔಷಧಿಗೆ ಬೆಲೆಯಿಲ್ಲ ಎಂದು ಅವನು ಹೇಳಿಲ್ಲ. ಬೆಲೆಯನ್ನು ತಾನೇ ಹೊರಬೇಕೆಂಬುದನ್ನು ಒಪ್ಪಿಲ್ಲ. ಇಂಥ ಉತ್ತರಗಳನ್ನು ಸರಾಸರಿಯಿಂದ ತೆಗೆದುಹಾಕುವುದು ಅನೇಕ ಅಧ್ಯಯನಗಳ ರೂಢಿ. ಲೆಕ್ಕದ ದೃಷ್ಟಿಯಿಂದ ಅದಕ್ಕೆ ಸಮರ್ಥನೆ ಇದೆ. ಆದರೆ ಈ ಕೋಣೆಯಲ್ಲಿ ಕೂತ ನಿಮಗೆ ಕಾಣುವುದೇ ಬೇರೆ: ಇಡೀ ಬೆಳಗಿನಲ್ಲಿ ಆರೋಗ್ಯವನ್ನು ಹಕ್ಕು ಎಂದು ನೇರವಾಗಿ ಹೇಳಿದವನು ಇವನೊಬ್ಬನೇ. ಕೋಷ್ಟಕ ತಯಾರಾಗುವಾಗ ಮೊದಲು ಅಳಿಸಿಹೋಗುವ ಸಾಲು ಇವನದೇ. ವಿದ್ಯಾರ್ಥಿನಿ ‘ಕಾರಣ’ ಎಂಬ ಜಾಗದಲ್ಲಿ ಅವನ ಮಾತನ್ನು ಅವನು ಹೇಳಿದಂತೆಯೇ ಬರೆದುಕೊಳ್ಳುತ್ತಾಳೆ.

ಮುಂದಿನ ಸೊನ್ನೆ ಒಬ್ಬ ಅಜ್ಜಿಯದು. ಎಪ್ಪತ್ತರ ಮೇಲಿನ ವಯಸ್ಸು, ಎರಡೂ ಮಂಡಿ ಬಾಗಿವೆ. ಬೆಂಚಿನಿಂದ ಕುರ್ಚಿಗೆ ಬರುವಷ್ಟರಲ್ಲಿ ನೀವೇ ಎದ್ದು ಅವರ ರಟ್ಟೆ ಹಿಡಿದಿದ್ದೀರಿ.

“ಅಜ್ಜಿ, ಮಂಡಿನೋವು ಪೂರ್ತಿ ಹೋಗುತ್ತೆ ಅಂದ್ರೆ ತಿಂಗಳಿಗೆ ಇನ್ನೂರು ಕೊಡ್ತೀರಾ?”

“ನನ್ ಮಂಡಿಗ್ಯಾಕವ್ವ ದುಡ್ಡು? ಮೊಮ್ಮಗಳು ಕಾಲೇಜಿಗೆ ಹೋಯ್ತಾಳೆ, ಅವ್ಳ ಫೀಜಿಗಾಯ್ತದೆ.”

“ನೂರು?”

“ನೂರೂ ಬ್ಯಾಡ. ಇನ್ನೆಷ್ಟ್ ದಿನ ನಡ್ಯಾದು ನಾನು?”

ಇದು ಪ್ರತಿಭಟನೆಯ ಸೊನ್ನೆ ಅಲ್ಲ. ನಿಯಮದ ಪ್ರಕಾರ ನಿಜವಾದ ಸೊನ್ನೆ, ಸರಾಸರಿಯೊಳಗೆ ಹೋಗುತ್ತದೆ. ಹೋಗಿ, ಮುದುಕಿಯರ ಮಂಡಿನೋವಿಗೆ ಚಿಕಿತ್ಸೆ ಅಷ್ಟೇನೂ ಬೇಡಿಕೆಯದಲ್ಲ ಎಂದು ಸಾಕ್ಷಿ ಹೇಳುತ್ತದೆ. ಹನ್ನೆರಡು ಪ್ರಶ್ನೆಗಳಲ್ಲಿ ಒಂಬತ್ತಕ್ಕೆ ಅದೇ ಅಜ್ಜಿ ‘ಆಗುವುದೇ ಇಲ್ಲ’ ಎಂದಿದ್ದಾರೆ. ಮನೆಯ ದುಡ್ಡಿನಲ್ಲಿ ತನ್ನ ಮೈಗೂ ಒಂದು ಪಾಲಿದೆ ಎಂದು ಯಾವತ್ತೂ ಎಣಿಸದ ಹೆಂಗಸರ ಎದುರು ದುಡ್ಡಿನ ಪ್ರಶ್ನೆ ಹಿಡಿದರೆ ಸಿಗುವುದು ಇದೇ ಉತ್ತರ. ಆದ್ದರಿಂದ ವಿದ್ಯಾರ್ಥಿನಿ ಎರಡನೆಯ ಪ್ರಶ್ನೆ ಸೇರಿಸಿಕೊಂಡಿದ್ದಾಳೆ: “ನಿಮ್ಮ ಮೊಮ್ಮಗಳಿಗೆ ಇದೇ ನೋವಿದ್ದಿದ್ರೆ ತಿಂಗಳಿಗೆ ಎಷ್ಟು ಕೊಡ್ತಿದ್ರಿ ಅಜ್ಜಿ?”

ಅಜ್ಜಿಯ ಕೈ ಅರಿಯದೆಯೇ ಕಿವಿಯ ಓಲೆಗೆ ಹೋಗುತ್ತದೆ. “ಅವ್ಳಿಗಾದ್ರೆ ಇದ್ನೇ ಬಿಚ್ಚಿ ಕೊಡ್ತಿದ್ದೆ.”

ನೋವು ಒಂದೇ. ಯಾರ ಮೈಯಲ್ಲಿದೆ ಎಂಬುದರ ಮೇಲೆ ಸೊನ್ನೆಯಿಂದ ಚಿನ್ನದ ತನಕ ಬೆಲೆ ಹೋಗಿ ಬಂದಿತು. ಎರಡೂ ಉತ್ತರ ಹಾಳೆಯಲ್ಲಿವೆ. ಎರಡನೆಯದನ್ನು ಕೇಳದೆ ಇದ್ದಿದ್ದರೆ ಮೊದಲನೆಯದು ನಮ್ಮನ್ನು ದಾರಿ ತಪ್ಪಿಸುತ್ತಿತ್ತು.

ಮಧ್ಯಾಹ್ನ ಹನ್ನೆರಡೂವರೆ. ಓಣಿಯಲ್ಲಿ ಫಿನೈಲಿನ ವಾಸನೆಯ ಜೊತೆ ಯಾರದೋ ಬುತ್ತಿಯ ಚಿತ್ರಾನ್ನದ ವಾಸನೆ. ಕೊನೆಗೆ ಬಂದವರು ತಾಯಿ, ಮಗಳು. ಮಗಳಿಗೆ ಇಪ್ಪತ್ತಮೂರು, ಬಿ.ಕಾಂ. ಮುಗಿಸಿದ್ದಾಳೆ. ನಾಲ್ಕು ತಿಂಗಳ ಹಿಂದೆ ಬೆರಳ ಗೆಣ್ಣುಗಳು ಬಾತವು, ರುಮಟಾಯ್ಡ್ ಎಂದು ಗೊತ್ತಾಯಿತು. ಬೆಲೆಯ ಪ್ರಶ್ನೆಗೆ ಉತ್ತರಿಸುವವರು ತಾಯಿ.

“ಎಷ್ಟಾದ್ರೂ ಸರಿ ಮೇಡಂ. ಒಂದು ಸೈಟಿದೆ, ಮಾರ್ತೀವಿ. ನಾಳೆ ಗಂಡಿನ ಕಡೆಯವರು ಬಂದು ಕೈ ನೋಡಿದ್ರೆ ಏನ್ ಹೇಳೋದು?”

ರಟ್ಟಿನ ಚೀಟಿಯ ಮೊತ್ತಗಳು ಮುಗಿದುಹೋಗುತ್ತವೆ. ಸಾವಿರ, ಐದು ಸಾವಿರ, ಹತ್ತು, ಇಪ್ಪತ್ತು, ಎಲ್ಲಕ್ಕೂ ಹೌದು. ಇದು ನಿಜವಾದ ಹಣದ ಮಾತಲ್ಲ ಎಂದು ಗೊತ್ತಿರುವಾಗ ಬಾಯಿ ಧಾರಾಳವಾಗುತ್ತದೆ ಎಂಬುದು ಈ ಪದ್ಧತಿಯ ಮೇಲಿರುವ ಹಳೆಯ ಆಕ್ಷೇಪ. ಆದರೆ ತಾಯಿಯ ಮುಖ ನೋಡಿ. ಅವರು ಸೈಟನ್ನು ನಿಜವಾಗಿಯೂ ಮಾರುವವರೇ.

ಇನ್ನೊಂದು ಪ್ರಶ್ನೆ ಉಳಿದಿದೆ. ಅದನ್ನು ಮಗಳಿಗೇ ಕೇಳಬೇಕು, ಒಬ್ಬಳನ್ನೇ. ತಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಾಗಿಲು ಮುಂದಕ್ಕೆ ಎಳೆದು, ವಿದ್ಯಾರ್ಥಿನಿ ನೂರು ಚುಕ್ಕೆಗಳ ಹಾಳೆಯನ್ನು ಮೇಜಿನ ಮೇಲೆ ಹರಡುತ್ತಾಳೆ.

“ನೂರು ಜನ ಆ ಔಷಧಿ ತಗೊಂಡ್ರು ಅಂದ್ಕೋ. ತೊಂಬತ್ತೊಂಬತ್ತು ಜನಕ್ಕೆ ಪೂರ್ತಿ ವಾಸಿ. ಒಬ್ಬರು ತೀರಿಕೊಳ್ತಾರೆ. ನೀನು ತಗೋತೀಯಾ?”

ಹುಡುಗಿ ತಡಮಾಡದೆ ತಲೆಯಾಡಿಸುತ್ತಾಳೆ. ಮೂವರು? ಅದಕ್ಕೂ. ಐವರು? ಚುಕ್ಕೆಗಳ ಮೇಲೆ ಬೆರಳಾಡಿಸಿ, “ಐದಕ್ಕೆ ತಗೋತೀನಿ. ಅದರ ಮೇಲೆ ಬೇಡ. ಅಮ್ಮ ಇದ್ದಾರೆ,” ಎನ್ನುತ್ತಾಳೆ.

1986ರಲ್ಲಿ ಮಾರ್ಕ್ ಥಾಂಪ್ಸನ್ ಎಂಬ ಸಂಶೋಧಕರು ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವೆರಡೂ ಪ್ರಶ್ನೆಗಳಿದ್ದವು. ರುಮಟಾಯ್ಡ್ ಸಂಧಿವಾತದ 247 ಮಂದಿಯನ್ನು ಕೇಳಲಾಗಿತ್ತು. ಪೂರ್ತಿ ವಾಸಿಯಾಗುವುದಕ್ಕೆ ಮನೆಯ ಆದಾಯದ ಸರಾಸರಿ 22 ಶೇಕಡ ಕೊಡಲು ಅವರು ಸಿದ್ಧರಿದ್ದರು. ವಾಸಿಯಾಗುವುದಕ್ಕಾಗಿ ಅವರು ಹೊರಲು ಸಿದ್ಧರಿದ್ದ ಸಾವಿನ ಅಪಾಯ ಸರಾಸರಿ 27 ಶೇಕಡ. ಮೇಜಿನ ಮೇಲಿನ ಹಾಳೆಯಲ್ಲಿ ಇಪ್ಪತ್ತೇಳು ಚುಕ್ಕೆಗಳನ್ನು ನೀವೇ ಎಣಿಸಿ ನೋಡಿ. ಎರಡೂವರೆ ಸಾಲು ದಾಟುತ್ತದೆ. ಕೀಲುವಾತದಿಂದ ಯಾರೂ ಸಾಯುವುದಿಲ್ಲ, ವಯಸ್ಸಾದವರ ಗೊಣಗಾಟ ಎಂದು ಮನೆಯಲ್ಲಿ ತಳ್ಳಿಹಾಕುವ ರೋಗವನ್ನು ಅದನ್ನು ಹೊತ್ತವರು ಎಷ್ಟು ಭಾರವೆಂದು ತಿಳಿದಿದ್ದಾರೆ ಎಂಬುದಕ್ಕೆ ಈ ಅಂಕಿಗಿಂತ ದೊಡ್ಡ ಪುರಾವೆ ಬೇಕಿಲ್ಲ. ದುಡ್ಡಿನ ಪ್ರಶ್ನೆ ಬಡವರ ಬಾಯಿ ಕಟ್ಟುತ್ತದೆ. ಜೀವದ ಪ್ರಶ್ನೆಗೆ ಉತ್ತರಿಸುವಾಗ ಪ್ರತಿಯೊಬ್ಬರ ಬಳಿಯೂ ಇರುವುದು ಒಂದೊಂದೇ.

“ಈ ಔಷಧಿ ಯಾವಾಗ ಬರುತ್ತೆ ಮೇಡಂ?” ಹುಡುಗಿ ಕೇಳುತ್ತಾಳೆ.

ಈ ಪ್ರಶ್ನೆ ಬಂದೇ ಬರುತ್ತದೆ, ಶುರುವಿನಲ್ಲಿ ಎಷ್ಟು ಬಾರಿ ಕಲ್ಪನೆ ಎಂದು ಹೇಳಿದರೂ. ಪೆನ್ನು ಕೆಳಗಿಟ್ಟು ವಿದ್ಯಾರ್ಥಿನಿ ಇರುವ ವಿಷಯ ಹೇಳುತ್ತಾಳೆ. ಅಂಥ ಮಾತ್ರೆ ಎಲ್ಲಿಯೂ ಇಲ್ಲ. ಆದರೆ ಮೆಥೊಟ್ರೆಕ್ಸೇಟ್ ಇದೆ. 1988ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಅದನ್ನು ರುಮಟಾಯ್ಡ್‌ಗೆ ಒಪ್ಪಿದರು, ಇವತ್ತಿಗೂ ಚಿಕಿತ್ಸೆ ಅದರಿಂದಲೇ ಶುರು. ಒಂದು ಮಾತ್ರೆಗೆ ಕೆಲವೇ ರೂಪಾಯಿ. ವಾರಕ್ಕೆ ಒಂದೇ ದಿನ ನುಂಗಬೇಕು; ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಸಿಡ್. ಆಗಾಗ ರಕ್ತ ಪರೀಕ್ಷೆ. ಮದುವೆಯಾಗಿ ಮಗು ಬೇಕೆಂದಾಗ ಮೊದಲೇ ವೈದ್ಯರಿಗೆ ಹೇಳಿ ಅದನ್ನು ನಿಲ್ಲಿಸಿ ಬೇರೆಯದಕ್ಕೆ ಬದಲಾಯಿಸಿಕೊಳ್ಳಬೇಕು. “ನಿನ್ನ ಬೆರಳು ಇನ್ನೂ ಸೊಟ್ಟ ಆಗಿಲ್ಲ. ಬೇಗ ಬಂದಿದ್ದೀಯ. ಬಿಡದೆ ತಗೊಂಡ್ರೆ ತಡೆಯೋಕೆ ಆಗುತ್ತೆ.”

ಸೈಟು ಮಾರಬೇಕಿಲ್ಲ ಎಂದು ತಾಯಿಗೆ ಮನವರಿಕೆ ಮಾಡಲು ಇನ್ನೂ ಹದಿನೈದು ನಿಮಿಷ ಹಿಡಿಯುತ್ತದೆ. ಅಗ್ಗದ ಔಷಧಿ ಕೆಲಸ ಮಾಡುವುದಿಲ್ಲ ಎಂದೇ ಅವರು ನಂಬಿದ್ದರು.

ಓಪಿಡಿ ಖಾಲಿಯಾಗಿದೆ. ವಿದ್ಯಾರ್ಥಿನಿ ಲ್ಯಾಪ್‌ಟಾಪ್ ತೆರೆದು ಬೆಳಗಿನ ಉತ್ತರಗಳನ್ನು ತುಂಬಿಸುತ್ತಿದ್ದಾಳೆ. ತಾಯಿಯ ಇಪ್ಪತ್ತು ಸಾವಿರ ಬಿದ್ದ ಕೂಡಲೇ ಸರಾಸರಿ ನಾಲ್ಕು ಪಟ್ಟಿಗಿಂತ ಹೆಚ್ಚು ಜಿಗಿಯುತ್ತದೆ, ನಡುವಿನವರ ಉತ್ತರವಾದ ಮಧ್ಯಾಂಕ ಅಷ್ಟೊಂದು ಜಿಗಿಯುವುದಿಲ್ಲ. ಹಾಗಾಗಿ ಎರಡನ್ನೂ ಕೊಡಬೇಕು. ಆಟೋ ಹುಡುಗನ ಸೊನ್ನೆಯನ್ನು ಸೇರಿಸಿ ಒಂದು ಲೆಕ್ಕ, ಬಿಟ್ಟು ಒಂದು ಲೆಕ್ಕ. ಮೊತ್ತದ ಪಕ್ಕ ಆದಾಯ, ಅದರ ಪಕ್ಕ ಪಾಲು. ಇನ್ನೊಂದು ಅಂಕಣವನ್ನು ನಿಮ್ಮೆದುರೇ ಹೊಸದಾಗಿ ಸೇರಿಸುತ್ತಾಳೆ: ಈಗಾಗಲೇ ಕೊಟ್ಟದ್ದು.

ಏಕೆಂದರೆ ಈ ಬೆಳಗಿನಲ್ಲಿ ಬಂದವರೆಲ್ಲ ಕೊಡುತ್ತಲೇ ಇದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಹೋದ ದಿನಗೂಲಿ ಯಾವ ಯೋಜನೆಯಲ್ಲೂ ವಾಪಸು ಬರುವುದಿಲ್ಲ. ಜೊತೆಗೆ ಬಂದ ಮಗನ ಒಂದು ದಿನದ ಪಾಠ, ಹೊರಗೆ ಮಾಡಿಸಿದ ರಕ್ತ ಪರೀಕ್ಷೆಯ ದುಡ್ಡು, ಕೈ ಬಿಗಿದದ್ದರಿಂದ ತಿಂಗಳಿಗೆ ತಪ್ಪುವ ಆರು ಸಾವಿರ. ಫಿಲೇಚರಿನ ಅಕ್ಕ 900 ಕೊಡಲು ಸಿದ್ಧ ಎನ್ನುವ ಹಾಳೆಯಲ್ಲಿ, ರೋಗ ಅವರಿಂದ ಪ್ರತಿ ತಿಂಗಳೂ ಅದರ ಆರರಷ್ಟಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತಿದೆ ಎಂಬುದೂ ಇರಬೇಕಲ್ಲವೇ?

ಒಬ್ಬೊಬ್ಬರನ್ನೇ, ಕಾಯಿಲೆ ಬಂದ ಮೇಲೆ, ಒಂಟಿಯಾಗಿ ಕೂರಿಸಿ ಕೇಳುವುದೇ ಈ ಪ್ರಶ್ನೆಯ ದೊಡ್ಡ ಮಿತಿ. ಕಾಯಿಲೆ ಬರುವ ಮೊದಲು ಎಲ್ಲರನ್ನೂ ಸೇರಿಸಿ ಕೇಳಿದರೆ ಲೆಕ್ಕವೇ ಬದಲಾಗುತ್ತದೆ ಎಂಬುದನ್ನು ಕರ್ನಾಟಕ ತೋರಿಸಿದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾದ ಯಶಸ್ವಿನಿ ಯೋಜನೆಗೆ ಮೊದಲ ವರ್ಷದ ವಂತಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸುಮಾರು 16 ಲಕ್ಷ ಜನ ಸೇರಿದರು, ಸರ್ಕಾರವೂ ಹಣ ಹಾಕಿತು, ಒಂಟಿಯಾಗಿ ಯಾವ ರೈತನೂ ಕಟ್ಟಲಾಗದ ಶಸ್ತ್ರಚಿಕಿತ್ಸೆಗಳು ನಡೆದವು.

ಹಾಗಾದರೆ ಎಷ್ಟು ಕೊಡುತ್ತೀರಿ ಎಂದು ರೋಗಿಯನ್ನು ಕೇಳುವುದೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಕೇಳದೆ ಇದ್ದರೆ ಕೀಲುವಾತ ಯಾವ ಪಟ್ಟಿಗೂ ಸೇರದೆ, ಕೊಲ್ಲುವ ರೋಗಗಳ ಹಿಂದೆ ಸದಾ ಕಡೆಯ ಸಾಲಿನಲ್ಲಿ ಉಳಿಯುತ್ತದೆ. ಕೇಳಿದ ಉತ್ತರವನ್ನು ಓದುವುದರಲ್ಲಿ ನ್ಯಾಯ ಬೇಕು. ಸಣ್ಣ ಮೊತ್ತ ಹೇಳಿದವರ ನೋವು ಸಣ್ಣದೆಂದು ಓದಬಾರದು. ದೊಡ್ಡ ಮೊತ್ತ ಹೇಳಿದವರಿಂದ ಅಷ್ಟನ್ನೂ ವಸೂಲು ಮಾಡಬಹುದೆಂದು ಓದಬಾರದು. ಸೊನ್ನೆ ಹೇಳಿದವರನ್ನು ಕಾರಣ ಕೇಳದೆ ಅಳಿಸಬಾರದು.

ವಿದ್ಯಾರ್ಥಿನಿಯ ವರದಿಯ ಶಿಫಾರಸುಗಳಲ್ಲಿ ಮೊದಲನೆಯದನ್ನು ಓದಿ: ಮೆಥೊಟ್ರೆಕ್ಸೇಟ್ ಮಾತ್ರೆಯೂ ಅದಕ್ಕೆ ಬೇಕಾದ ರಕ್ತ ಪರೀಕ್ಷೆಯೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ವರ್ಷದ ಎಲ್ಲ ತಿಂಗಳೂ, ಉಚಿತವಾಗಿ ಸಿಗಬೇಕು. ಅಕ್ಕ ಹೇಳಿದ ಒಂಬೈನೂರು ರೂಪಾಯಿ ಸಂಘದ ಕಂತಿಗೂ ಮಗನ ಓದಿಗೂ ಉಳಿಯಬೇಕಾದ ದುಡ್ಡು. ಅದನ್ನು ಮುಟ್ಟದೆ ಅವರ ಕೈ ಕಾಪಾಡುವ ಔಷಧಿ ಈಗಾಗಲೇ ನಮ್ಮಲ್ಲಿದೆ, ಅದನ್ನು ಅವರ ಊರಿಗೆ ತಲುಪಿಸುವ ಕೆಲಸ ಉಳಿದಿದೆ.